ಹಪ್ಪಳದ ಖಾತೆಗೆ ಕನ್ನ

ಪ್ರಶ್ನೆ: ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಇನ್‌ಸ್ಟಾಗ್ರಾಂ ಮೂಲಕ ಮಾರುತ್ತೇನೆ. ‘ಸ್ಪರ್ಧೆಯಲ್ಲಿದ್ದೇನೆ, ನಿನಗೆ ಬರುವ ಲಿಂಕ್ ಕಳಿಸು’ ಎಂದು ಗೆಳತಿಯ ಖಾತೆಯಿಂದ ಸಂದೇಶ ಬಂತು. ಕಳಿಸಿದೆ. ಈಗ ಖಾತೆ ತೆರೆಯುತ್ತಿಲ್ಲ. ಇಮೇಲ್, ಮೊಬೈಲ್ ಸಂಖ್ಯೆ ಎರಡೂ ಬದಲಾಗಿವೆ. ‘ಹಣ ದುಪ್ಪಟ್ಟಾಗುತ್ತದೆ, ಹಾಕಿ’ ಎಂದು ನನ್ನ ಹೆಸರಿನಲ್ಲಿ ಗಿರಾಕಿಗಳಿಗೆ ಸಂದೇಶ ಹೋಗುತ್ತಿದೆ. ಐದು ಸಾವಿರ ಕೊಟ್ಟರೆ ಬಿಡಿಸಿಕೊಡುತ್ತೇನೆ ಎಂದು ಒಬ್ಬರು ಗಂಟುಬಿದ್ದಿದ್ದಾರೆ. ಕೊಡಲೇ?
– ಓದುಗರು, ಶಿರಸಿ

ಉತ್ತರ: ಬೇಡ ತಾಯಿ, ಐದು ಪೈಸೆಯನ್ನೂ ಕೊಡಬೇಡಿ. ಖಾತೆ ಹೋಯಿತೆಂದು ಯಾರಾದರೂ ಅಲವತ್ತುಕೊಂಡ ಕೂಡಲೇ ಪ್ರತ್ಯಕ್ಷವಾಗುವ ಇಂಥವರು ಹಣ ಪಡೆದು, ‘ಇನ್ನೊಂದಿಷ್ಟು’ ಎನ್ನುತ್ತಾರೆ. ಗೆಳತಿಯ ಮೇಲೂ ಸಿಟ್ಟು ಬೇಡ; ಅವರ ಖಾತೆ ಮೊದಲೇ ಕಳ್ಳನ ಪಾಲಾಗಿರಬೇಕು. ನೀವು ಕಳಿಸಿದ ಲಿಂಕ್ ನಿಮ್ಮದೇ ಖಾತೆಯ ಬೀಗದ ಕೈ ಆಗಿರಬೇಕು.

ಮೊದಲು ನಿಮ್ಮ ಹಳೆಯ ಇಮೇಲ್ ತೆರೆಯಿರಿ. ಇಮೇಲ್ ವಿಳಾಸ ಬದಲಾದಾಗ ಇನ್‌ಸ್ಟಾಗ್ರಾಂ ಹಳೆಯ ವಿಳಾಸಕ್ಕೇ ತಿಳಿಸುತ್ತದೆ, ಅದರಲ್ಲಿ ಬದಲಾವಣೆ ರದ್ದು ಮಾಡುವ ಲಿಂಕ್ ಇರುತ್ತದೆ. ಸ್ಪ್ಯಾಮ್, ಟ್ರ್ಯಾಷ್ ಎರಡನ್ನೂ ಜಾಲಾಡಿ. ಇಮೇಲ್‌ನ ಪಾಸ್‌ವರ್ಡನ್ನೂ ಈಗಲೇ ಬದಲಿಸಿ. ಅದು ಕಳ್ಳನ ಬಳಿ ಇದ್ದರೆ ಮುಂದಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಆ ಸಂದೇಶ ಸಿಗದಿದ್ದರೆ ‘ಇನ್‌ಸ್ಟಾಗ್ರಾಂ ಡಾಟ್ ಕಾಮ್ ಸ್ಲ್ಯಾಷ್ ಹ್ಯಾಕ್ಡ್’ ಪುಟಕ್ಕೆ ಹೋಗಿ. ನೀವು ಸದಾ ಬಳಸುತ್ತಿದ್ದ ಮೊಬೈಲ್‌ನಿಂದಲೇ ಹೋಗಿ, ಮಗನ ಹೊಸ ಫೋನ್ ಬೇಡ. ಅಲ್ಲಿ ಮುಖವನ್ನು ಅತ್ತಿತ್ತ ತಿರುಗಿಸಿ ವಿಡಿಯೊ ಸೆಲ್ಫಿ ಕಳಿಸಲು ಕೇಳಬಹುದು. ಖಾತೆಯಲ್ಲಿ ನಿಮ್ಮ ಫೋಟೊ ಇದ್ದರೆ ಅದಕ್ಕೆ ಹೋಲಿಸಿ ನೋಡುತ್ತಾರೆ. ಹಪ್ಪಳದ ಫೋಟೊಗಳಷ್ಟೇ ಇದ್ದರೆ, ಖಾತೆ ತೆರೆದಾಗಿನ ಇಮೇಲ್ ಅಥವಾ ಫೋನ್ ಸಂಖ್ಯೆ, ಯಾವ ಬಗೆಯ ಸಾಧನದಿಂದ ತೆರೆದಿರಿ ಎಂಬುದನ್ನು ಕೇಳುತ್ತಾರೆ. ನೆನಪು ಮಾಡಿಟ್ಟುಕೊಳ್ಳಿ. ಮೊದಲ ಸಲ ತಿರಸ್ಕರಿಸಿದರೆ ಮತ್ತೆ ಕಳಿಸಿ.

ಗಿರಾಕಿಗಳಿಗೆ ಇಂದೇ ಫೋನ್ ಮಾಡಿ ತಿಳಿಸಿ. ಯಾರಾದರೂ ಹಣ ಕಳೆದುಕೊಂಡಿದ್ದರೆ ಅವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ನೀವೂ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಪೊಲೀಸರು ಖಾತೆಯನ್ನು ಮರಳಿ ತಂದುಕೊಡುತ್ತಾರೆಂಬ ಭರವಸೆ ನನಗಿಲ್ಲ, ಆದರೆ ನಾಳೆ ಯಾರಾದರೂ ‘ನೀವೇ ಹಣ ಕೇಳಿದಿರಿ’ ಎಂದು ಬಂದರೆ ಆ ಸ್ವೀಕೃತಿ ಪತ್ರ ಕೈಯಲ್ಲಿರಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. ಅವರ ನಿರ್ಧಾರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರ 2023ರಲ್ಲಿ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಪ್ರಶ್ನೆ: ಆರಂಕಿಯ ಕೋಡ್ ಹೇಳಿ ವಾಟ್ಸ್‌ಆ್ಯಪ್ ಕಳೆದುಕೊಂಡೆ. ಮತ್ತೆ ತೆರೆಯಲು ಹೋದರೆ, ನಾನು ಇಟ್ಟೇ ಇಲ್ಲದ ಪಿನ್ ಕೇಳುತ್ತಿದೆ.
– ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಆ ಪಿನ್ ಇಟ್ಟವನು ಕಳ್ಳ, ಮೇಷ್ಟ್ರೇ. ಎಸ್‌ಎಂಎಸ್‌ನಲ್ಲಿ ಬಂದ ಹೊಸ ಕೋಡ್ ಹಾಕಿದ ಕ್ಷಣವೇ ಅವನು ಹೊರಬಿದ್ದಿದ್ದಾನೆ. ಪಿನ್ ಇಲ್ಲದೆ ಒಳಹೋಗಲು ಏಳು ದಿನ ಕಾಯಬೇಕು. ಆಮೇಲೆ ನಿಮ್ಮದೇ ಪಿನ್ ಇಡಿ. ಅಲ್ಲಿಯವರೆಗೆ ಮೊಮ್ಮಕ್ಕಳ ಫೋಟೊಗಳನ್ನು ಮನೆಯವರ ಮೊಬೈಲ್‌ನಲ್ಲೇ ನೋಡಿ.