ತರಗತಿಯಲ್ಲಿ ಬಾಯಿ ಬಿಡದ ಮಕ್ಕಳ ಬಗ್ಗೆ

ಮೇಡಂ, ಕೋಲಾರದ ಕಡೆ ಅರ್ಥಶಾಸ್ತ್ರ ಪಾಠ ಮಾಡುತ್ತೀರಿ, ಕನ್ನಡ ಮಾಧ್ಯಮದಿಂದ ಬಂದ ಮೊದಲ ವರ್ಷದ ಮಕ್ಕಳು ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ ಅಂದಿದ್ದೀರಿ. ಬಹಳ ಸಲ ಅದು ಗೊತ್ತಿಲ್ಲದ್ದಕ್ಕಲ್ಲ, ಇಂಗ್ಲಿಷ್ ತಪ್ಪಾದರೆ ಪಕ್ಕದವರು ನಗುತ್ತಾರೆ ಅನ್ನೋ ಭಯಕ್ಕೆ.

ಮೊದಲು, ಪ್ರಶ್ನೆ ಕೇಳಿ ಕಾಯಿರಿ. ಮೇಷ್ಟ್ರುಗಳು ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಸುಮ್ಮನಿದ್ದವರೂ ಮಾತಾಡುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ನಿಮ್ಮ ಮಕ್ಕಳಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ಪಕ್ಕದವರ ಜೊತೆ ಕನ್ನಡದಲ್ಲೋ ತೆಲುಗಿನಲ್ಲೋ ಮಾತಾಡಿಕೊಳ್ಳಲಿ, ಆಮೇಲೆ ಉತ್ತರ ಕೇಳಿ.

ಇನ್ನು ಉದಾಹರಣೆ. ಪಠ್ಯದ ಕಾಫಿ-ಟೀ ಬಿಡಿ, ನಿಮ್ಮೂರಲ್ಲೇ ಟೊಮೆಟೊ ಮಂಡಿ ಇದೆ ಅಲ್ವಾ! 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ‘ಆಗ ಮನೇಲಿ ಸಾರಿಗೆ ಏನು ಹಾಕಿದ್ರು?’ ಅಂತ ಕೇಳಿ. ಹುಣಸೆಹಣ್ಣು ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಬದಲಿ ಸರಕು, ಅಂದರೆ ಒಂದರ ಬೆಲೆ ಏರಿದಾಗ ಅದರ ಬದಲು ಕೊಳ್ಳೋ ವಸ್ತು, ಅಲ್ಲೇ ಸಿಕ್ಕಿತು. ‘ಉಪ್ಪಿನ ಬೆಲೆ ಡಬಲ್ ಆದರೆ ಸಾರಿಗೆ ಅರ್ಧ ಹಾಕ್ತೀರಾ?’ ಅಂತ ಕೇಳಿ. ನಗುತ್ತಾರೆ, ಆದರೆ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನೋದು, ತಲೆಗೆ ಹೋಗಿರುತ್ತದೆ. ರೇಖಾಚಿತ್ರ, ಇಂಗ್ಲಿಷ್ ಪದ ಎಲ್ಲ ಅದಾದ ಮೇಲೆ ಬೋರ್ಡಿಗೆ ಬರಲಿ.

ಒಂದು ಮಾತ್ರ ಬೇಡ. ‘ರೈತರ ಮಕ್ಕಳು ಯಾರು, ಕೈ ಎತ್ತಿ’ ಅನ್ನಬೇಡಿ. ಹೇಳಬೇಕು ಅನ್ನಿಸಿದವರು ತಾವೇ ಹೇಳುತ್ತಾರೆ.

ಕಿರುಪರೀಕ್ಷೆಗಳು ನಿಮ್ಮ ಕೈಯಲ್ಲೇ ಇದ್ದರೆ, ಮೊದಲ ಒಂದೆರಡರಲ್ಲಿ ಕನ್ನಡದಲ್ಲಿ ಬರೆದರೂ ಅಂಕ ಕೊಡಿ.