ಬೆಳಿಗ್ಗೆ ಹಳೆಯ ದಿನಾಂಕ ತೋರಿಸುವ ಕಂಪ್ಯೂಟರ್

ಪ್ರಶ್ನೆ: ಶಹಾಪುರದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಿದೆ. ಈ ಬೇಸಿಗೆಯಿಂದ ಪ್ರತಿದಿನ ಬೆಳಿಗ್ಗೆ ಕಂಪ್ಯೂಟರ್ 2015ರ ದಿನಾಂಕ ತೋರಿಸುತ್ತಿದ್ದು, ಯಾವ ಜಾಲತಾಣವನ್ನು ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎನ್ನುತ್ತದೆ. ದಿನಾಂಕ ತಿದ್ದಿದರೆ ಸಂಜೆಯವರೆಗೆ ತೊಂದರೆಯಿಲ್ಲ. ಬಿಸಿಲಿಗೆ ಒಳಗಿನ ಗಡಿಯಾರ ಕೆಟ್ಟಿತೇ? ಇಂಟರ್ನೆಟ್ ಇದ್ದರೂ ಅದು ತಾನಾಗಿ ಏಕೆ ಸರಿಹೋಗುವುದಿಲ್ಲ? ಮದರ್‌ಬೋರ್ಡ್ ಬದಲಿಸಬೇಕೆಂದು ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಮದರ್‌ಬೋರ್ಡ್ ಬದಲಿಸಲು ಈಗಲೇ ಒಪ್ಪಬೇಡಿ. ನೀವು ಹೇಳಿದ ಲಕ್ಷಣಗಳೆಲ್ಲ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸೆಲ್ ತೀರಿರುವುದನ್ನೇ ಸೂಚಿಸುತ್ತವೆ.

ಕಂಪ್ಯೂಟರಿನಲ್ಲಿ ಗಡಿಯಾರಗಳು ಎರಡಿವೆ. ಮೊದಲನೆಯದು ಯಂತ್ರ ಆರಿರುವಾಗಲೂ ನಡೆಯುವ ಪುಟ್ಟ ಚಿಪ್ಪು. ಅದರ ಜೊತೆಗಿರುವ ಸ್ಫಟಿಕ ಶಿಲೆಯ ಚೂರು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಬೇಕೆಂದೇ ಆರಿಸಲಾಗಿದೆ: ಇದನ್ನು ಹದಿನೈದು ಬಾರಿ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಹಾಗಾಗಿ ಅತ್ಯಂತ ಸರಳವಾದ ಸರ್ಕ್ಯೂಟ್ ಕೂಡ ಸೆಕೆಂಡನ್ನು ಎಣಿಸಬಲ್ಲದು. ಎರಡನೆಯದು ವಿಂಡೋಸ್ ನಡೆಸುವ ಗಡಿಯಾರ. ಅದು ಶುರುವಾಗುವಾಗ ಚಿಪ್ಪಿನಿಂದ ಸಮಯ ಕೇಳಿಕೊಂಡು, ಆಮೇಲೆ ತನ್ನದೇ ಎಣಿಕೆಯನ್ನು ಮುಂದುವರಿಸುತ್ತದೆ. ಹೀಗಾಗಿಯೇ ಬೆಳಿಗ್ಗೆ ಒಮ್ಮೆ ತಿದ್ದಿದರೆ ಸಂಜೆಯವರೆಗೆ ನಿಮಗೆ ತೊಂದರೆ ಕಾಣುವುದಿಲ್ಲ.

ವೈರ್ ಬೋರ್ಡಿನಲ್ಲಿದ್ದು ಕರೆಂಟು ಬರುತ್ತಿರುವವರೆಗೆ, ಕಂಪ್ಯೂಟರ್ ಆಫ್ ಆಗಿದ್ದರೂ ಆ ಚಿಪ್ಪಿಗೆ ಸ್ವಲ್ಪ ವಿದ್ಯುತ್ ದೊರೆಯುತ್ತದೆ. ರಾತ್ರಿ ಮೇನ್ ಸ್ವಿಚ್ ಆರಿಸಿ ಶಟರ್ ಎಳೆದ ಮೇಲೆ ಮಾತ್ರ ಸೆಲ್ಲಿನ ಕೆಲಸ ಆರಂಭವಾಗುತ್ತದೆ. ಸೆಲ್ ತೀರಿದ್ದರೆ ಎಣಿಕೆ ಅಳಿಸಿಹೋಗಿ, ಬೆಳಿಗ್ಗೆ ತಯಾರಕರು ಬರೆದಿಟ್ಟ ಮೂಲ ದಿನಾಂಕ ಕಾಣಿಸಿಕೊಳ್ಳುತ್ತದೆ. ನಿಮ್ಮ 2015 ಹಾಗೆ ಬಂದದ್ದು.

ಇನ್ನು ಜಾಲತಾಣಗಳ ಮಾತು. ಸುರಕ್ಷಿತ ತಾಣ ಪ್ರತಿಯೊಂದೂ ಇಂಥ ದಿನದಿಂದ ಇಂಥ ದಿನದವರೆಗೆ ಸಿಂಧು ಎಂಬ ಪ್ರಮಾಣಪತ್ರವನ್ನು ಮುಂದಿಡುತ್ತದೆ. 2015ರಲ್ಲಿ ನಿಂತ ಬ್ರೌಸರಿಗೆ ಅದರ ಅವಧಿ ಇನ್ನೂ ಆರಂಭವೇ ಆಗಿಲ್ಲವೆಂದು ತೋರುವುದರಿಂದ ಅದು ಬಾಗಿಲು ಹಾಕುತ್ತದೆ. ಎಚ್ಚರಿಕೆಯನ್ನು ದಾಟಿ ಒಳಗೆ ಹೋಗುವ ದಾರಿ ಇದ್ದರೂ, ಬೇರೆಯವರ ಆಧಾರ್ ಸಂಖ್ಯೆ ಮತ್ತು ಬ್ಯಾಂಕ್ ವಿವರ ತುಂಬುವ ನೀವು ದಯವಿಟ್ಟು ಹಾಗೆ ಮಾಡಬೇಡಿ.

ಇಂಟರ್ನೆಟ್ ಮೂಲಕ ಸಮಯ ತಿದ್ದುವ ವ್ಯವಸ್ಥೆ 1985ರಿಂದ ಬಳಕೆಯಲ್ಲಿದೆ. ಕೇಳಿಕೆ ನಿಮ್ಮಿಂದ ಹೊರಟ ಗಳಿಗೆ, ಸರ್ವರನ್ನು ಮುಟ್ಟಿದ ಗಳಿಗೆ, ಉತ್ತರ ಅಲ್ಲಿಂದ ಹೊರಟ ಗಳಿಗೆ, ನಿಮ್ಮನ್ನು ತಲುಪಿದ ಗಳಿಗೆ ಎಂಬ ನಾಲ್ಕನ್ನೂ ಗುರುತಿಟ್ಟು, ದಾರಿಯಲ್ಲಿ ಕಳೆದ ಸಮಯವನ್ನು ಲೆಕ್ಕದಿಂದ ತೆಗೆಯುವ ಈ ವಿಧಾನ ನನಗೆ ಇಂದಿಗೂ ಮೆಚ್ಚುಗೆಯದು. ಆದರೆ ಮನೆ ಅಂಗಡಿಗಳ ವಿಂಡೋಸ್ ಯಂತ್ರಗಳು ಸಾಮಾನ್ಯವಾಗಿ 15 ಗಂಟೆಗಿಂತ ಹೆಚ್ಚಿನ ವ್ಯತ್ಯಾಸವನ್ನು ತಾವಾಗಿ ತಿದ್ದಿಕೊಳ್ಳುವುದಿಲ್ಲ. ಯಾರೋ ತಪ್ಪು ಸಮಯ ಕಳಿಸಿರಬಹುದೆಂಬ ಎಚ್ಚರಿಕೆ ಅದರ ಹಿಂದಿದೆ. ನಿಮ್ಮದು ವರ್ಷಗಳ ವ್ಯತ್ಯಾಸ.

ಬಿಸಿಲಿನ ಬಗ್ಗೆ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಈ ಸ್ಫಟಿಕ 25 ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ನಡೆದು, ಅದಕ್ಕಿಂತ ಬಿಸಿಯಾದಷ್ಟೂ, ತಣ್ಣಗಾದಷ್ಟೂ ನಿಧಾನವಾಗುತ್ತದೆ. ತಗಡಿನ ಕೆಳಗೆ 45 ಡಿಗ್ರಿ ಮುಟ್ಟುವ ನಮ್ಮ ಭಾಗದ ಮೇ ತಿಂಗಳಿನಲ್ಲಿ ದಿನಕ್ಕೆ ಒಂದು ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ಬಿಸಿಲಿನಿಂದ ಸೆಕೆಂಡುಗಳು ತಪ್ಪಬಹುದು, ಆದರೆ ಇಸವಿ ತಪ್ಪುವುದಿಲ್ಲ.

ಮೇನ್ ಸ್ವಿಚ್ ಆರಿಸಿ, ವೈರ್ ಕಿತ್ತು, ಸೆಲ್ ಹೊರತೆಗೆಯಿರಿ. ಅದರ ಮೇಲೆ ಸಿಆರ್ 2032 ಎಂದಿರುತ್ತದೆ. 20 ಎಂದರೆ ಅಗಲ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್. ಹೊಸ ಸೆಲ್ 3 ವೋಲ್ಟ್ ಕೊಡುತ್ತದೆ, ಮಲ್ಟಿಮೀಟರ್ 2.5ಕ್ಕಿಂತ ಕೆಳಗೆ ತೋರಿಸಿದರೆ ಹಳೆಯದನ್ನು ಬಿಸಾಡಿ, ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ದಿನಾಂಕವನ್ನು ಒಮ್ಮೆ ಕೈಯಾರೆ ಹಾಕಿ, ರಾತ್ರಿ ಎಂದಿನಂತೆ ಮೇನ್ ಆರಿಸಿ ಬಿಡಿ. ಮರುದಿನ ಮತ್ತೆ 2015 ಕಂಡರೆ ಮಾತ್ರ ಮದರ್‌ಬೋರ್ಡನ್ನು ಕಲಬುರಗಿಯಲ್ಲಿ ಬಲ್ಲವರಿಗೆ ತೋರಿಸಿ.