ಮೇ ರಜೆಯಲ್ಲಿ ಕಾಸರಗೋಡಿನಿಂದ ಅಲಾಸ್ಕಾ ಕ್ರೂಸ್‌ಗೆ ಹೋದರೆ ಹವೆ ಹೇಗಿರುತ್ತದೆ?

ಚಳಿ ಇರುತ್ತದೆ, ಆದರೆ ಮಳೆ ಕಡಿಮೆ. ಧೈರ್ಯವಾಗಿ ಹೋಗಿ. ನಮ್ಮ ಶಾಲೆಗಳು ಜೂನ್ ಶುರುವಿಗೇ ತೆರೆಯುವುದರಿಂದ ಮಕ್ಕಳಿರುವವರಿಗೆ ಬೇರೆ ದಾರಿಯೂ ಇಲ್ಲ, ಅಲ್ವಾ?

ಮೇ ಅಲ್ಲಿ ಸೀಸನ್ನಿನ ಆರಂಭ. ಹಡಗುಗಳು ನಿಲ್ಲುವ ಜೂನೋ ಊರಿನಲ್ಲಿ ಆಗ ಬೀಳುವ ಮಳೆ ಸೆಪ್ಟೆಂಬರಿನ ಅರ್ಧಕ್ಕಿಂತ ಕಡಿಮೆ. ಕಾರಣ ಇಷ್ಟೇ: ಚಳಿಗಾಲದಲ್ಲಿ ಅಲಾಸ್ಕಾದ ನೈಋತ್ಯಕ್ಕಿರುವ ಅಲ್ಯೂಷಿಯನ್ ದ್ವೀಪಗಳ ಹತ್ತಿರ ದೊಡ್ಡದೊಂದು ವಾಯುಭಾರ ಕುಸಿತ ನೆಲೆಸಿ, ಒಂದರ ಹಿಂದೊಂದು ಮಳೆಗಾಳಿ ಕಳಿಸುತ್ತಿರುತ್ತದೆ. ಮೇ ಹೊತ್ತಿಗೆ ಅದು ಸೊರಗುತ್ತದೆ. ಸೆಪ್ಟೆಂಬರಿನಿಂದ ಮತ್ತೆ ಚುರುಕಾಗುತ್ತದೆ.

ಬೆಳಕು ದಿನಕ್ಕೆ 16 ಗಂಟೆಗೂ ಜಾಸ್ತಿ ಇದ್ದರೂ ಸಮುದ್ರ ಬೇಗ ಬಿಸಿಯಾಗುವುದಿಲ್ಲ. ಹಗಲು 13-14 ಡಿಗ್ರಿ, ರಾತ್ರಿ 4-5. ಇಲ್ಲಿ ಮೇ ಸೆಕೆಯಲ್ಲಿ ಬೆವರುತ್ತಾ ಬ್ಯಾಗ್ ತುಂಬುವಾಗ ಸ್ವೆಟರ್ ಸುಮ್ನೆ ಭಾರ ಅನ್ನಿಸಬಹುದು. ಹಿಮನದಿಯ ಎದುರು ಡೆಕ್‌ನಲ್ಲಿ ಗಾಳಿ ಮುಖಕ್ಕೆ ಹೊಡೆದಾಗ ಅದರ ಬೆಲೆ ಗೊತ್ತಾಗುತ್ತದೆ. ಸ್ವೆಟರ್ ಮೇಲೆ ನೀರು ಇಳಿಯದ ಜಾಕೆಟ್, ಟೊಪ್ಪಿ, ಕೈಗವಸು ಇರಲಿ. ನಮ್ಮ ಕೊಡೆ ಆ ಗಾಳಿಗೆ ಉಪಯೋಗವಿಲ್ಲ.

ಬೆಟ್ಟಗಳ ಮೇಲೆ ಇನ್ನೂ ಹಿಮ ಕಾಣುತ್ತದೆ, ನೋಡಲು ಚೆಂದ. ಆದರೆ ಎತ್ತರದ ಕಾಲುದಾರಿಗಳಲ್ಲಿ ನಡೆಯಲಾಗದು. ಕೆಲವು ಕಿರಿದಾದ ಕೊಲ್ಲಿಗಳಲ್ಲಿ ತೇಲುವ ಮಂಜುಗಡ್ಡೆ ತುಂಬಿ ಹಡಗು ಅರ್ಧದಲ್ಲೇ ತಿರುಗಬೇಕಾಗಬಹುದು. ಸಾಲ್ಮನ್ ಹಿಡಿಯುವ ಕರಡಿಯನ್ನೇ ನೋಡಬೇಕೆಂದರೆ ಮೇ ಬೇಡ, ಆ ಮೀನು ಹೊಳೆಗೆ ಹೆಚ್ಚಾಗಿ ಏರುವುದು ಜುಲೈಯಿಂದ ಮುಂದೆ.

ವ್ಯಾಂಕೂವರ್‌ನಿಂದ ಹೊರಡುವ ಹಡಗಾದರೆ ಅಮೆರಿಕದ ಜೊತೆ ಕೆನಡಾ ವೀಸಾ ಕೂಡ ಬೇಕು.